ಕೈಯಿಲ್ಲದ ಕುರ್ಚಿ

ಮದುವೆ ಛತ್ರಕ್ಕೆ ಕಾಲಿಟ್ಟವರೆಲ್ಲ ಮೊದಲು ಹುಡುಗಿಯನ್ನು ನೋಡುತ್ತಾರೆ. ದಪ್ಪಗಿರುವವರು ಮೊದಲು ಕುರ್ಚಿಯನ್ನು ನೋಡುತ್ತಾರೆ. ಕೈ ಇರುವುದೋ, ಇಲ್ಲದ್ದೋ? ಕಾಲು ಬಿರುಕು ಬಿಟ್ಟಿದೆಯೋ? ಗಟ್ಟಿಯಾಗಲಿ ಅಂತ ಒಂದರೊಳಗೊಂದು ಸೇರಿಸಿ ಕೂರಲು ಇನ್ನೊಂದು ಸಿಕ್ಕೀತೋ? ಈ ತಪಾಸಣೆ ಮುಗಿಯುವ ಹೊತ್ತಿಗೆ ಮಾಂಗಲ್ಯಧಾರಣೆ ಮುಗಿದಿರುತ್ತದೆ.

*

ಬಸ್ಸಿನಲ್ಲಿ ನಾನು ಕಿಟಕಿ ಪಕ್ಕ ಕೂತರೆ ನನ್ನ ಪಕ್ಕದ ಜಾಗ ತುಂಬುವುದು ಎಲ್ಲಕ್ಕಿಂತ ಕೊನೆಗೆ. ಬಂದವರೂ ಅರ್ಧ ಕೂತು, ಒಂದು ಕಾಲನ್ನು ಓಡಾಡುವ ದಾರಿಗೆ ಚಾಚಿ, 'ಪರವಾಗಿಲ್ಲ ಬಿಡಿ' ಎನ್ನುತ್ತಾರೆ. ನಾನು ಏನನ್ನೂ ಕೇಳಿರುವುದಿಲ್ಲ.

*

ದಪ್ಪಗಿರುವವರಿಗೆ ಏಕಾಂತ ದುರ್ಲಭ, ಒಂಟಿತನ ಧಾರಾಳ. ನೋಡುವವರು ಬೀದಿ ತುಂಬ ಇದ್ದಾರೆ.

*

'ತೂಕದ ಮನುಷ್ಯ' ಎಂದರೆ ಮರ್ಯಾದೆ. ಅದೇ ಎರಡು ಪದ ತಿರುಗಿಸಿ 'ಮನುಷ್ಯನ ತೂಕ' ಎನ್ನಿ, ಮರ್ಯಾದೆ ಹೋಯಿತು.

*

ಅಜ್ಜಿಯ ಕಾಲದಲ್ಲಿ 'ಮೈಕೈ ತುಂಬಿಕೊಂಡಿದ್ದಾಳೆ' ಎಂಬುದು ಹೊಗಳಿಕೆ. ಹಸಿವು ಕಂಡ ಊರಿನಲ್ಲಿ ತುಂಬಿದ ಮೈ ಎಂದರೆ ತುಂಬಿದ ಕಣಜ. ಅಮ್ಮನ ಕಾಲಕ್ಕೆ ಅದು 'ಸ್ವಲ್ಪ ಮೈ ಬಂದಿದೆ' ಆಯಿತು. ಈಗ 'ಥೈರಾಯ್ಡಾ? ಪಿಸಿಓಡಿನಾ?' ಎಂದು ನೇರ ರೋಗದ ಹೆಸರು ಹಿಡಿದೇ ಕುಶಲ ವಿಚಾರಿಸುತ್ತಾರೆ. ಮೈ ಅದೇ. ಮೂರು ತಲೆಮಾರಿನಲ್ಲಿ ಐಶ್ವರ್ಯದಿಂದ ಕಾಯಿಲೆಗೆ ಬಂದು ನಿಂತಿತು, ಅಷ್ಟೆ.

*

ಉಮಾದೇವಿ ಎಂಬಾಕೆ ಹಿಂದಿ ಚಿತ್ರಗಳ ಗಾಯಕಿ. 1947ರ 'ದರ್ದ್' ಚಿತ್ರದಲ್ಲಿ ಹಾಡಿ ಹೆಸರಾದರು. ಆಮೇಲೆ ನಟನೆಗೆ ಬಂದಾಗ ಸಿಕ್ಕ ಹೆಸರು ಟುನ್ ಟುನ್. ದೇಶದ ಶಾಲೆಗಳಲ್ಲಿ ದಪ್ಪಗಿದ್ದ ಹುಡುಗಿಯರಿಗೆಲ್ಲ ಅದೇ ಅಡ್ಡಹೆಸರಾಯಿತು. ಆ ಹಾಡನ್ನು ಇಂದಿಗೂ ಗುನುಗುವವರಿದ್ದಾರೆ. ಹಾಡಿದ್ದು ಟುನ್ ಟುನ್ ಎಂದರೆ ನಂಬುವುದಿಲ್ಲ.

*

'ಎಷ್ಟು ದಪ್ಪ ಆಗ್ಬಿಟ್ಟಿದೀಯಲ್ಲೇ!' ಎಂದ ಸೋದರತ್ತೆಯೇ ಎರಡನೇ ಹೋಳಿಗೆ ಬಡಿಸಿ ಮೇಲೆ ತುಪ್ಪ ಸುರಿಯುತ್ತಾರೆ. ಬೇಡವೆಂದರೆ 'ನನ್ ಮಾತಿಗೆ ಬೇಜಾರಾಯ್ತೇನೇ?' ಬೇಕೆಂದರೆ ಪಕ್ಕದವರ ಕಡೆಗೊಂದು ನೋಟ. ನೂರು ಜನರ ಪಂಕ್ತಿಯಲ್ಲಿ ಕೂತು ಒಬ್ಬರೇ ಉಣ್ಣುವುದು ಹೇಗೆಂದು ನಮ್ಮನ್ನು ಕೇಳಿ.

*

'ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ' ಎನ್ನುತ್ತೇವಲ್ಲ, ದಪ್ಪಗಿರುವವರು ಅನ್ನಕ್ಕಿಂತ ಹೆಚ್ಚಾಗಿ ಹೊಟ್ಟೆಗೆ ಹಾಕಿಕೊಂಡದ್ದು ಊರವರ ಮಾತನ್ನು. ಅದು ಎಷ್ಟು ನಡೆದರೂ ಕರಗುವುದಿಲ್ಲ.

*

1961ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ. ಹತ್ತು ಹನ್ನೊಂದು ವರ್ಷದ ಮಕ್ಕಳ ಮುಂದೆ ಆರು ಚಿತ್ರ ಇಟ್ಟರು. ಒಂದರಲ್ಲಿ ಯಾವ ಊನವೂ ಇಲ್ಲದ ಮಗು. ಮಿಕ್ಕವುಗಳಲ್ಲಿ ಊರುಗೋಲು ಹಿಡಿದ ಮಗು, ಗಾಲಿಕುರ್ಚಿಯ ಮಗು, ಒಂದು ಕೈ ಇಲ್ಲದ ಮಗು, ಮುಖ ವಿಕಾರವಾದ ಮಗು, ದಪ್ಪಗಿರುವ ಮಗು. ಯಾರು ಇಷ್ಟವೋ ಅವರನ್ನು ಮೊದಲಿಟ್ಟು ಜೋಡಿಸಿ ಎಂದರೆ ದಪ್ಪ ಮಗು ಎಲ್ಲರಿಗಿಂತ ಕೊನೆಗೆ ಬಂತು. 2003ರಲ್ಲಿ ಅದೇ ಚಿತ್ರಗಳನ್ನು ಹೊಸ ಕಾಲದ ಮಕ್ಕಳ ಮುಂದಿಟ್ಟರು. ಆಗಲೂ ಕೊನೆಯೇ, ಇಷ್ಟವಿಲ್ಲದಿರುವುದು ಇನ್ನೂ ಹೆಚ್ಚಾಗಿತ್ತು. ಈ ನಲವತ್ತು ವರ್ಷಗಳಲ್ಲಿ ಅಲ್ಲಿನ ತರಗತಿಗಳಲ್ಲಿ ದಪ್ಪ ಮಕ್ಕಳ ಸಂಖ್ಯೆ ಏರುತ್ತಲೇ ಇತ್ತು. ನಮ್ಮಂಥವರು ಜಾಸ್ತಿಯಾದರೆ ಜನ ತಾವಾಗಿ ಒಪ್ಪಿಕೊಳ್ಳುತ್ತಾರೆ ಎಂದು ನಾನೂ ಒಮ್ಮೆ ನಂಬಿದ್ದೆ.

*

ಒಂದು ಕ್ಲಿನಿಕ್ಕಿನಲ್ಲಿ ತೂಕದ ಯಂತ್ರ ಹಜಾರದಲ್ಲೇ ಇತ್ತು. ನರ್ಸಮ್ಮ ನನ್ನ ಅಂಕಿಯನ್ನು ಒಳಗಿದ್ದ ಡಾಕ್ಟರಿಗೆ ಕೂಗಿ ಹೇಳಿದರು. ಬೆಂಚಿನ ಮೇಲಿದ್ದ ಒಂಬತ್ತು ಜನ ತಲೆ ಎತ್ತಿದರು. ನಾನು ಹೋಗಿದ್ದು ಕಿವಿನೋವಿಗೆ. ಚೀಟಿಯಲ್ಲಿ ಮೊದಲ ಸಾಲು 'ತೂಕ ಇಳಿಸುವುದು'. ಮರುವರ್ಷ ಕಿವಿ ನೋವು ಬಂದಾಗ ಆ ಕಡೆ ತಲೆ ಹಾಕಲಿಲ್ಲ.

*

'ನಾಚಿಕೆಯಾದರೆ ತಾನೇ ಇಳಿಸ್ತಾರೆ' ಎಂಬುದು ಬಹಳ ಹಳೆಯ ಮನೆಮದ್ದು. ಅಮೆರಿಕದ ಸುಮಾರು 6,000 ವಯಸ್ಕರನ್ನು ನಾಲ್ಕು ವರ್ಷ ಗಮನಿಸಿದ ಅಧ್ಯಯನವೊಂದು 2013ರಲ್ಲಿ ಬಂತು. ಮೊದಲು ಸ್ಥೂಲಕಾಯರಲ್ಲದವರ ಪೈಕಿ, ತೂಕದ ಕಾರಣಕ್ಕೆ ತಾರತಮ್ಯಕ್ಕೆ ಗುರಿಯಾದವರು ಮುಂದೆ ಸ್ಥೂಲಕಾಯರಾಗುವ ಸಾಧ್ಯತೆ ಮಿಕ್ಕವರಿಗಿಂತ ಸುಮಾರು ಎರಡೂವರೆ ಪಟ್ಟು. ನಾಚಿಕೆಯಿಂದ ಇಳಿದದ್ದು ತಲೆಯೊಂದೇ.

*

2023ರ ಮೇ ತಿಂಗಳಲ್ಲಿ ಅಮೆರಿಕದ ಸರ್ಜನ್ ಜನರಲ್, ಒಂಟಿತನವೂ ಸಾಂಕ್ರಾಮಿಕವೇ ಎಂದು ದೇಶಕ್ಕೆಲ್ಲ ಎಚ್ಚರಿಕೆ ಹೊರಡಿಸಿದರು. ಒಡನಾಟವಿಲ್ಲದ ಬದುಕು ಆಯುಸ್ಸಿಗೆ ಮಾಡುವ ಹಾನಿ ದಿನಕ್ಕೆ 15 ಸಿಗರೇಟು ಸೇದಿದಷ್ಟಿರಬಹುದು ಎಂದರು. ಅವರು ಡಾ. ವಿವೇಕ್ ಮೂರ್ತಿ; ಮನೆತನ ಮಂಡ್ಯ ಜಿಲ್ಲೆಯ ಹಲ್ಲೆಗೆರೆಯದು. 'ನಮ್ಮ ಕಡೆ ಇದೆಲ್ಲ ಎಲ್ಲಿದೆ, ಅರಳಿಕಟ್ಟೆ ಇದೆಯಲ್ಲ' ಎನ್ನುವವರು ಸಿಗುತ್ತಾರೆ. ಕಟ್ಟೆಯ ಮೇಲೆ ಈಗ ಎಷ್ಟು ಜನ ಕೂರುತ್ತಾರೆ ಎಂದು ಒಮ್ಮೆ ಎಣಿಸಿ ಬರಲಿ. ಹೆಂಗಸರು ಯಾವಾಗ ಕೂತಿದ್ದರು ಎಂದೂ ಕೇಳಿ ಬರಲಿ.

*

ವಿಶ್ವ ಆರೋಗ್ಯ ಸಂಸ್ಥೆಯ ಎರಡು ಲೆಕ್ಕಗಳಿವೆ. ಲೋಕದ ಎಂಟು ಜನರಲ್ಲಿ ಒಬ್ಬರು ಸ್ಥೂಲಕಾಯರು, ಇದು 2022ರದ್ದು. ಆರು ಜನರಲ್ಲಿ ಒಬ್ಬರಿಗೆ ಒಂಟಿತನ, ಇದು 2025ರದ್ದು. ಎರಡೂ ಆಗಿರುವವರನ್ನು ಎಣಿಸಲು ಹೋದರೆ ಅವರು ಬಾಗಿಲು ತೆಗೆಯುವುದಿಲ್ಲ.

*

ಬ್ರಿಟನ್ನಿನ ಲಕ್ಷಾಂತರ ಜನರ ಆರೋಗ್ಯ ದಾಖಲೆಗಳನ್ನು ಇಟ್ಟುಕೊಂಡು ಮಾಡಿದ ಅಧ್ಯಯನ 2024ರಲ್ಲಿ ಹೊರಬಂತು. ಸ್ಥೂಲಕಾಯರಲ್ಲಿ ಒಂಟಿತನ, ಜನಸಂಪರ್ಕದ ಕೊರತೆ ಎಷ್ಟು ಕಡಿಮೆಯೋ ಸಾವಿನ ಅಪಾಯವೂ ಅಷ್ಟು ಕಡಿಮೆ ಇತ್ತು. ಆ ಅಪಾಯವನ್ನು ಮುನ್ಸೂಚಿಸುವಲ್ಲಿ ಜನಸಂಪರ್ಕದ ಕೊರತೆ ಊಟಕ್ಕಿಂತ, ವ್ಯಾಯಾಮಕ್ಕಿಂತ ಮೇಲೆ ನಿಂತಿತ್ತು. 'ಅನ್ನ ಕಡಿಮೆ ಮಾಡಿ, ನಡೆಯಿರಿ' ಎಂಬ ಚೀಟಿಯಲ್ಲಿ 'ವಾರಕ್ಕೆರಡು ಸಲ ನಾಲ್ಕು ಜನರೊಂದಿಗೆ ಕೂತು ಹರಟೆ ಹೊಡೆಯಿರಿ' ಎಂದೂ ಬರೆದುಕೊಡುವ ಡಾಕ್ಟರು ನನಗಿನ್ನೂ ಸಿಕ್ಕಿಲ್ಲ.

*

ದಪ್ಪಗಿದ್ದದ್ದಕ್ಕೆ ಒಂಟಿಯಾದರೋ, ಒಂಟಿಯಾದದ್ದಕ್ಕೆ ದಪ್ಪಗಾದರೋ? ರಾತ್ರಿ ಹನ್ನೊಂದಕ್ಕೆ ಫ್ರಿಜ್ಜಿನ ಬಾಗಿಲು ತೆಗೆದು ನಿಂತವರನ್ನು ಕೇಳಿದರೆ ಎರಡಕ್ಕೂ ಹೌದು ಎನ್ನುತ್ತಾರೆ. ಆ ಹೊತ್ತಿನಲ್ಲಿ ಮನೆಯಲ್ಲಿ ಎಚ್ಚರವಿರುವುದು ಅದೊಂದೇ ದೀಪ.

*

ಆಸ್ಟ್ರೇಲಿಯಾದ ಮನಶ್ಶಾಸ್ತ್ರಜ್ಞರು ಒಂಟಿತನ ನೀಗಿಸಲು 'ಗ್ರೂಪ್ಸ್ ಫಾರ್ ಹೆಲ್ತ್' ಎಂಬ ಐದು ಪಾಠಗಳ ಕಾರ್ಯಕ್ರಮ ಮಾಡಿದ್ದಾರೆ. ಅದರಲ್ಲೊಂದು ಕೆಲಸ, ನೀವು ಸೇರಿರುವ ಗುಂಪುಗಳನ್ನೆಲ್ಲ ಹಾಳೆಯ ಮೇಲೆ ನಕ್ಷೆಯ ಹಾಗೆ ಬರೆಯುವುದು. ನಾನೂ ಬರೆದೆ. ಇರುವ ಗುಂಪುಗಳಿಗಿಂತ ಬಿಟ್ಟುಬಂದವುಗಳ ಪಟ್ಟಿಯೇ ಉದ್ದವಾಯಿತು. ಭಜನಾ ಮಂಡಳಿ ಬಿಟ್ಟದ್ದು, ನೆಲದ ಮೇಲೆ ಕೂತರೆ ಏಳುವಾಗ ಇಬ್ಬರು ಕೈ ಹಿಡಿದು ಎತ್ತಬೇಕಾದ್ದರಿಂದ. ಕೋಲಾಟ ಬಿಟ್ಟದ್ದು, ಒಂದೇ ಅಳತೆಯ ರೆಡಿಮೇಡ್ ಬ್ಲೌಸ್ ತರಿಸಿದ್ದರಿಂದ. ಕಾಲೇಜಿನ ಗೆಳತಿಯರು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತೋಣ ಎಂದಾಗ ನನಗೆ ತಲೆನೋವು. ಮುಂದಿನ ಸಲವೂ ತಲೆನೋವು. ಆಮೇಲೆ ಅವರು ಕೇಳುವುದನ್ನು ಬಿಟ್ಟರು. ಯಾರೂ ನನ್ನನ್ನು ಹೊರಗೆ ಹಾಕಲಿಲ್ಲ. ಒಂದೊಂದೇ ಬಾಗಿಲನ್ನು ನಾನೇ ಸದ್ದಾಗದಂತೆ ಎಳೆದುಕೊಂಡು ಬಂದೆ.

*

ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲಿಗೆ ಹೋಗುವವರೆಲ್ಲ ಎತ್ತರದವರಲ್ಲ.

*

ಕ್ವೀನ್ಸ್, ನ್ಯೂಯಾರ್ಕ್, 1961. ಜೀನ್ ನೈಡೆಚ್ ಎಂಬ ಗೃಹಿಣಿ, ತೂಕ 97 ಕಿಲೋ. ಅಂಗಡಿಯಲ್ಲಿ ಸಿಕ್ಕ ಪರಿಚಯದವರೊಬ್ಬರು ಹೆರಿಗೆ ಯಾವಾಗ ಎಂದು ಕೇಳಿಬಿಟ್ಟರು. ನೈಡೆಚ್ ಬಸುರಿಯಾಗಿರಲಿಲ್ಲ. ನಗರದ ಆರೋಗ್ಯ ಇಲಾಖೆಯ ಕ್ಲಿನಿಕ್ಕಿಗೆ ಹೋದರು, ಪಥ್ಯದ ಪಟ್ಟಿ ತಂದರು. ತೂಕ ಸ್ವಲ್ಪ ಇಳಿಯಿತು ಕೂಡ. ಆದರೆ ಬಚ್ಚಲುಮನೆಯಲ್ಲಿ ಅಡಗಿಸಿಟ್ಟುಕೊಂಡು ತಿನ್ನುತ್ತಿದ್ದ ಬಿಸ್ಕತ್ತಿನ ವಿಷಯವನ್ನು ಕ್ಲಿನಿಕ್ಕಿನಲ್ಲಿ ಬಾಯಿಬಿಡಲಾಗಲಿಲ್ಲ. ಆರು ಜನ ಗೆಳತಿಯರಿಗೆ ಫೋನ್ ಮಾಡಿ ಮನೆಗೆ ಕರೆದರು, ಎಲ್ಲರೂ ದಪ್ಪಗಿದ್ದವರೇ. ಅವರೆದುರು ಬಿಸ್ಕತ್ತಿನ ಕಥೆ ಹೇಳಿದರು. ಅವರೂ ತಂತಮ್ಮ ಡಬ್ಬಿ, ತಂತಮ್ಮ ಮೂಲೆಗಳನ್ನು ಹೇಳಿಕೊಂಡರು. ಎರಡು ತಿಂಗಳಲ್ಲಿ ಆರು ಜನ ನಲವತ್ತಾದರು. 1963ರಲ್ಲಿ ಅದು 'ವೇಟ್ ವಾಚರ್ಸ್' ಎಂಬ ಕಂಪನಿಯಾಯಿತು. ಪಥ್ಯದ ಪಟ್ಟಿ ನಗರದ ಕ್ಲಿನಿಕ್ಕಿನಲ್ಲೇ ಸಿಗುತ್ತಿತ್ತು. ಜನ ದುಡ್ಡು ಕೊಟ್ಟು ಬಂದದ್ದು ಕ್ಲಿನಿಕ್ಕಿನಲ್ಲಿ ಸಿಗದ ಇನ್ನೊಂದಕ್ಕೆ.

*

1978ರಲ್ಲಿ ಆ ಕಂಪನಿಯನ್ನು ಕೊಂಡದ್ದು ಹೈಂಜ್, ಕೆಚಪ್ ಮಾಡುವವರು. ಇದಕ್ಕೆ ಟಿಪ್ಪಣಿ ಬೇಡ.

*

ಊರಿಗೊಬ್ಬಳೇ ಪದ್ಮಾವತಿ ಎಂಬ ಗಾದೆಯನ್ನು ನಾವು ತಿರುಗಿಸಿ ಬದುಕಿರುತ್ತೇವೆ: ಊರಿಗೆಲ್ಲ ದಪ್ಪಗಿರುವವಳು ನಾನೊಬ್ಬಳೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 24, ಕರ್ನಾಟಕದಲ್ಲಿ ಸುಮಾರು 30 ಮಂದಿ ಅಧಿಕ ತೂಕದವರು. ಇಷ್ಟು ಪದ್ಮಾವತಿಯರು ಒಬ್ಬರಿಗೊಬ್ಬರು ಗೊತ್ತಿಲ್ಲದಂತೆ ಒಂದೇ ರಾಜ್ಯದಲ್ಲಿ ಹೇಗಿದ್ದೇವೆ ಎಂಬುದೇ ಸೋಜಿಗ.

*

ವೇಟ್ ವಾಚರ್ಸ್‌ಗೂ ಮೊದಲು ಅಮೆರಿಕದಲ್ಲಿ ಹುಟ್ಟಿದ ತೂಕ ಇಳಿಸುವ ಕ್ಲಬ್ಬುಗಳು ಕೆಲವಿದ್ದವು. ಆ ವಾರ ತೂಕ ಏರಿಸಿಕೊಂಡು ಬಂದವರನ್ನು ಹಂದಿಗೆ ಹೋಲಿಸಿ ಹಾಡು ಹಾಡಿಸುವ ಪದ್ಧತಿ ಕೆಲವೆಡೆ ಇತ್ತು. ತಮಾಷೆಗೆ ಎನ್ನುತ್ತಿದ್ದರು. ಗುಂಪು ಎಂದ ಮಾತ್ರಕ್ಕೆ ಕೈಮುಗಿಯಬೇಕಿಲ್ಲ. ಕಲ್ಲು ಹೊಡೆಯುವುದಕ್ಕೂ ಜನ ಗುಂಪಾಗಿಯೇ ಬರುತ್ತಾರೆ.

*

ತೂಕ ಇಳಿಸುವ ಗುಂಪಿನಲ್ಲಿ ಇಳಿದವರಿಗೆ ಚಪ್ಪಾಳೆ. ಏರಿದವರಿಗೆ ಯಾರೂ ಏನೂ ಅನ್ನುವುದಿಲ್ಲ. ಅವರೇ ಮುಂದಿನ ವಾರ ಬರುವುದಿಲ್ಲ. ಇಳಿಸಿದ ತೂಕದ ಬಹುಪಾಲು ಕೆಲವು ವರ್ಷಗಳಲ್ಲಿ ಮರಳಿ ಬರುವುದು ಹೆಚ್ಚಿನವರ ಅನುಭವ. ಇದಕ್ಕೆ ಮೈಗಳ್ಳತನ ಕಾರಣವಲ್ಲ. ತೂಕ ಇಳಿದ ದೇಹ ಹಸಿವನ್ನು ಹೆಚ್ಚಿಸುತ್ತದೆ, ಖರ್ಚನ್ನು ತಗ್ಗಿಸುತ್ತದೆ, ಬರಗಾಲ ಬಂತೆಂದು ತಿಳಿದ ರೈತನ ಹಾಗೆ ಸಿಕ್ಕಿದ್ದನ್ನೆಲ್ಲ ಕಣಜಕ್ಕೆ ತುಂಬುತ್ತದೆ. ಹಾಗಾದರೆ ಗೆಳೆಯರು ಬೇಕಾಗುವುದು ಯಾವ ದಿನ? ಸೀರೆಯ ನೆರಿಗೆ ಮತ್ತೆ ಕಡಿಮೆಯಾದ ದಿನ. ಆ ದಿನವೇ ಬಾಗಿಲಲ್ಲಿ ತೂಕದ ಯಂತ್ರ ಕಾವಲುಗಾರನ ಹಾಗೆ ಕೂತಿರುತ್ತದೆ.

*

ಇಳಿಸಿದವರಿಗಷ್ಟೇ ಸ್ನೇಹ ಕೊಡುವ ಗುಂಪೂ, ಆಸ್ತಿ ಇದ್ದವರಿಗಷ್ಟೇ ಸಾಲ ಕೊಡುವ ಬ್ಯಾಂಕೂ ಒಂದೇ.

*

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಐದಾರು ಜನ ಹೆಂಗಸರು ಬೆಳಿಗ್ಗೆ ನಡೆಯುತ್ತೇವೆ. ನಡೆಯುತ್ತೇವೆ ಎಂಬುದು ಸ್ವಲ್ಪ ಉತ್ಪ್ರೇಕ್ಷೆ. ಎರಡು ಸುತ್ತು, ಆಮೇಲೆ ಕಲ್ಲುಬೆಂಚು. ಮೊದಲ ತಿಂಗಳು ಎಷ್ಟು ಇಳಿಯಿತು ಎಂಬುದೇ ಮಾತು. ಒಂದು ವಾರ ನಾನು ಹೋಗಲಿಲ್ಲ. ಏಳನೇ ದಿನ ಎದುರು ಬೀದಿಯ ಟೀಚರಮ್ಮ ಗೇಟಿನ ಹತ್ತಿರ ನಿಂತು ಕೂಗಿದರು: 'ಯಾಕ್ರೀ, ಕಾಣಿಸ್ತಾನೇ ಇಲ್ಲ?' 'ಎರಡು ಕಿಲೋ ಏರಿದೀನಿ ಮೇಡಂ.' 'ನಾನ್ ನಿಮ್ಮನ್ನ ಕರೆಯೋಕೆ ಬಂದೆ ಕಣ್ರೀ, ಕಿಲೋನಲ್ಲ.' ಆ ಮಾತಿಗೆ ನನಗೆ ನಗು ಬಂತೋ ಅಳು ಬಂತೋ ಈಗ ನೆನಪಿಲ್ಲ, ಚಪ್ಪಲಿ ಮೆಟ್ಟಿಕೊಂಡು ಹೊರಟದ್ದು ನೆನಪಿದೆ.

*

'ನಿನ್ನೆ ಯಾಕೆ ಬರಲಿಲ್ಲ?' ಎಂದು ಕೇಳುವವರು ಇಬ್ಬರಿದ್ದರೆ ಅದು ಗುಂಪು. ಇನ್ನೂರು ಜನರಿದ್ದೂ ಯಾರೂ ಕೇಳದಿದ್ದರೆ ಅದು ವಾಟ್ಸಾಪ್.

*

ಸ್ಕಾಟ್ಲೆಂಡಿನ ಗಂಡಸರು ತೂಕದ ವಿಷಯಕ್ಕೆ ಆಸ್ಪತ್ರೆಯ ಬಾಗಿಲಿಗೆ ಸುಲಭವಾಗಿ ಬರುವವರಲ್ಲ. ಫುಟ್‌ಬಾಲ್ ಎಂದರೆ ಮಾತ್ರ ಮಳೆಯಲ್ಲೂ ನಿಲ್ಲುವವರು. ಇದನ್ನು ಅರಿತವರು ಗುಂಪನ್ನು ಆಸ್ಪತ್ರೆಯಿಂದ ಕಿತ್ತು ಸ್ಟೇಡಿಯಂಗೆ ಒಯ್ದರು. 35ರಿಂದ 65 ವರ್ಷದ ಸ್ಥೂಲ ಗಂಡಸರು ತಾವು ಚಿಕ್ಕಂದಿನಿಂದ ಆರಾಧಿಸಿದ ಕ್ಲಬ್ಬಿನ ಅಂಗಳದಲ್ಲೇ 12 ವಾರ ಸೇರಿದರು. ಕಲಿಸುವವರು ಕ್ಲಬ್ಬಿನ ತರಬೇತುದಾರರೇ. 13 ಕ್ಲಬ್ಬು, ಸುಮಾರು 750 ಗಂಡಸರು. ಒಂದು ವರ್ಷದ ನಂತರ ಅಳೆದರೆ, ಕಾಯುವ ಪಟ್ಟಿಯಲ್ಲಿದ್ದವರಿಗಿಂತ ಗುಂಪಿನಲ್ಲಿದ್ದವರು ಸರಾಸರಿ ಐದು ಕಿಲೋದಷ್ಟು ಹೆಚ್ಚು ಇಳಿದಿದ್ದರು. ಇದು 2014ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂತು. ನನ್ನ ಕಣ್ಣು ಹೋದದ್ದು ಕಿಲೋ ಮೇಲಲ್ಲ. ಒಂದು ವರ್ಷದ ಮೇಲೂ ಅಳತೆಗೆ ಬಂದು ನಿಂತವರು ಗುಂಪಿನಲ್ಲಿ ನೂರಕ್ಕೆ 89. ಮುಖ ತಪ್ಪಿಸಿಕೊಳ್ಳುವ ಅಗತ್ಯ ಅವರಿಗೆ ಕಾಣಲಿಲ್ಲವೇನೋ.

*

ಗಂಡಸರು ಎದುರುಬದುರು ಕೂತರೆ ಬಾಯಿ ಬಿಡುವುದಿಲ್ಲ. ಒಂದೇ ದಿಕ್ಕಿಗೆ ಮುಖ ಮಾಡಿ ಏನಾದರೂ ಕೆಲಸ ಹಚ್ಚಿದರೆ ಹೇಳಬಾರದ್ದನ್ನೂ ಹೇಳುತ್ತಾರೆ. ನಮ್ಮ ಕಡೆ ಇದು ಗದ್ದೆಯ ಬದುವಿಗೂ, ಹೆಂಡದಂಗಡಿಗೂ ಗೊತ್ತಿರುವ ಸಂಗತಿ.

*

ಇಂಗ್ಲೆಂಡಿನಲ್ಲಿ 2016ರಿಂದ ಒಂದು ಫುಟ್‌ಬಾಲ್ ಲೀಗ್ ಇದೆ; ಹೆಸರು 'ಮ್ಯಾನ್ ವರ್ಸಸ್ ಫ್ಯಾಟ್'. ನಿಗದಿತ ಮಟ್ಟಕ್ಕಿಂತ ತೆಳ್ಳಗಿದ್ದರೆ ಸೇರಿಸಿಕೊಳ್ಳುವುದಿಲ್ಲ. ತೆಳ್ಳಗಿನವರು ಬೇಲಿಯಾಚೆ ನಿಂತು ನೋಡಬೇಕಾದ ಮೈದಾನ! ಈ ಅರ್ಧ ನನಗೆ ಬಹಳ ಹಿಡಿಸಿತು. ಆ ವಾರ ಆಟಗಾರರು ಇಳಿಸಿದ ತೂಕಕ್ಕೂ ತಂಡದ ಲೆಕ್ಕಕ್ಕೆ ಗೋಲು ಸೇರುತ್ತದೆ. ಈ ಇನ್ನರ್ಧದ ಬಗ್ಗೆ ಅನುಮಾನವಿದೆ. ಇಳಿಸಲಾಗದವನು ತಂಡಕ್ಕೇ ಹೊರೆ ಎಂಬ ಭಾವ ಬರಲು ಎಷ್ಟು ಹೊತ್ತು?

*

ಲಂಡನ್ನಿನ ಬುಷಿ ಪಾರ್ಕಿನಲ್ಲಿ 2004ರಲ್ಲಿ 13 ಓಟಗಾರರಿಂದ ಶುರುವಾದ 'ಪಾರ್ಕ್‌ರನ್' ಈಗ ಹಲವು ದೇಶಗಳಿಗೆ ಹಬ್ಬಿದೆ. ವಾರಕ್ಕೊಮ್ಮೆ ಐದು ಕಿಲೋಮೀಟರು, ಓಡಬಹುದು, ನಡೆಯಬಹುದು. ಅಲ್ಲಿ ಒಬ್ಬ ಸ್ವಯಂಸೇವಕರ ಕೆಲಸವೇ ಎಲ್ಲರಿಗಿಂತ ಹಿಂದೆ ನಡೆದು ಬರುವುದು. ಹಾಗಾಗಿ ಬಂದವರಲ್ಲಿ ಯಾರೂ ಕೊನೆಯವರಲ್ಲ. ಇದನ್ನು ಯೋಚಿಸಿದವರು ಒಮ್ಮೆಯಾದರೂ ಕೊನೆಯವರಾಗಿ ಬಂದಿರಬೇಕು. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ 'ಸ್ವಲ್ಪ ಸೈಡ್ ಕೊಡಿ' ಎಂದು ಹಿಂದಿನಿಂದ ಬರುವವರು ಬಹಳ. ಹಿಂದೆಯೇ ಉಳಿಯಲು ಒಪ್ಪಿದವರು ಒಬ್ಬರಿದ್ದಿದ್ದರೆ ನಾನು ಅಲ್ಲಿಗೆ ಹೋಗುವುದನ್ನು ಬಿಡುತ್ತಿರಲಿಲ್ಲ.

*

ಫಿನ್ಲೆಂಡಿನಲ್ಲಿ ಒಂಟಿ ವೃದ್ಧರಿಗಾಗಿ ಗೆಳೆಯರ ವೃತ್ತ ಎಂಬ ಗುಂಪುಗಳನ್ನು ಕಟ್ಟಿದರು. ತೂಕಕ್ಕೂ ಅದಕ್ಕೂ ಸಂಬಂಧವಿಲ್ಲ, ಆದರೂ ಹೇಳಬೇಕು. ಏಳೆಂಟು ಜನ, ಮೂರು ತಿಂಗಳು, 12 ಸಲ ಭೇಟಿ. ಕೆಲವರು ಚಿತ್ರ ಬರೆದರು, ಕೆಲವರು ವ್ಯಾಯಾಮ ಮಾಡಿದರು, ಕೆಲವರು ತಮ್ಮ ಬದುಕನ್ನು ಬರೆದು ಓದಿದರು. ನಡೆಸುವವರಿಗೆ ಇದ್ದ ಸೂಚನೆ ಸ್ವಾರಸ್ಯದ್ದು: ನೀವು ನಿಧಾನವಾಗಿ ಹಿಂದೆ ಸರಿಯಿರಿ, ಗುಂಪು ತನ್ನ ಕಾಲ ಮೇಲೆ ನಿಲ್ಲಲಿ. ಹಲವು ಗುಂಪುಗಳು ಮೂರು ತಿಂಗಳ ನಂತರವೂ ತಾವೇ ಸೇರುತ್ತ ಹೋದವು. ಅಧ್ಯಕ್ಷರ ಕುರ್ಚಿ ಬಿಟ್ಟು ಏಳಲು ನಮ್ಮ ಸಂಘಗಳಿಗೆ ಇನ್ನೂ ತರಬೇತಿಯಾಗಿಲ್ಲ.

*

ಆದರೆ ಗುಂಪು ಕಟ್ಟುವುದನ್ನು ನಮಗೆ ಹೊರಗಿನವರು ಹೇಳಿಕೊಡಬೇಕಿಲ್ಲ. 1980ರ ದಶಕದ ಮಧ್ಯದಲ್ಲೇ ಮೈರಾಡ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಸ್ವಸಹಾಯ ಗುಂಪುಗಳನ್ನು ಬೆಳೆಸಿತು. ಮುಂದೆ ಸರ್ಕಾರದ ಸ್ತ್ರೀಶಕ್ತಿ ಬಂತು. ಹದಿನೈದಿಪ್ಪತ್ತು ಹೆಂಗಸರು, ವಾರಕ್ಕೊಮ್ಮೆ, ಒಂದು ಚಾಪೆ, ಒಂದು ಲೆಕ್ಕದ ಪುಸ್ತಕ. ಪುಸ್ತಕದಲ್ಲಿ ಬರೆದದ್ದು ಉಳಿತಾಯ, ಸಾಲ, ಕಂತು. ಚಾಪೆಯ ಮೇಲೆ ನಡೆದದ್ದು ಗಂಡನ ಕುಡಿತ, ಮಗಳ ಓದು, ಗರ್ಭಕೋಶದ ಆಪರೇಷನ್ನು. ಕಂತು ಕಟ್ಟಲಾಗದ ವಾರವೂ ಬರಲೇಬೇಕೆಂಬ ನಿಯಮ ಅನೇಕ ಸಂಘಗಳಲ್ಲಿದೆ. ತೂಕದ ಗುಂಪುಗಳು ಕಲಿಯಬೇಕಾದ್ದು ಈ ಒಂದು ನಿಯಮವನ್ನು. (ಚಾಪೆಯಲ್ಲಿ ಕುರ್ಚಿಯ ಅಗಲದ ರಗಳೆ ಇಲ್ಲ. ಮಂಡಿಯ ರಗಳೆ ಇದೆ. ಗೋಡೆ ಪಕ್ಕ ನಾಲ್ಕು ಸ್ಟೂಲು ಇಟ್ಟರೆ ಅದೂ ಇಲ್ಲ.)

*

ಕೂಟ ಮುಗಿಯುವ ಹೊತ್ತಿಗೆ ಚೀಲದಿಂದ ತೂಕ ಇಳಿಸುವ ಪುಡಿಯ ಡಬ್ಬಿ ಹೊರಬಂತೋ, ಏಳಿ. ಅಲ್ಲಿ ನಿಮ್ಮ ಒಂಟಿತನಕ್ಕೆ ಗಿರಾಕಿ ಎಂದು ಹೆಸರು.

*

1967ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಸುಮಾರು 500 ಜನ ಸೇರಿ ಐಸ್‌ಕ್ರೀಂ ತಿಂದರು, ಪಥ್ಯದ ಪುಸ್ತಕಗಳಿಗೆ ಬೆಂಕಿ ಇಟ್ಟರು. ಎರಡು ವರ್ಷದ ನಂತರ ಬಿಲ್ ಫೇಬ್ರಿ ಎಂಬವರು, ತಮ್ಮ ಹೆಂಡತಿ ದಪ್ಪಗಿದ್ದದ್ದಕ್ಕೆ ಪಡುತ್ತಿದ್ದ ಅವಮಾನ ಸಹಿಸಲಾರದೆ ಸಂಘವೊಂದನ್ನು ಕಟ್ಟಿದರು. ಅದು ಈಗಲೂ ಇದೆ. ತೂಕ ಇಳಿಸುವುದಕ್ಕಲ್ಲದೆ ಬೇರೆ ಕಾರಣಕ್ಕೂ ದಪ್ಪಗಿರುವವರು ಸೇರಬಹುದು ಎಂದು ಆ ಸಂಘ ತೋರಿಸಿತು. ಪುಸ್ತಕ ಸುಡುವುದು ನನಗೆ ಸರಿಬೀಳದು. ಐಸ್‌ಕ್ರೀಂ ಸರಿ.

*

ನ್ಯೂಯಾರ್ಕ್ ನಗರದಲ್ಲಿ 2023ರಿಂದ ತೂಕ ನೋಡಿ ಕೆಲಸ ನಿರಾಕರಿಸುವುದು, ಬಾಡಿಗೆಗೆ ಮನೆ ಕೊಡದಿರುವುದು ಕಾನೂನಿಗೆ ವಿರುದ್ಧ. ಒಳ್ಳೆಯದೇ. ಕಾನೂನು ಮನೆ ಕೊಡಿಸಬಹುದು. ಆ ಮನೆಗೆ ಸಂಜೆ ಕಾಫಿಗೆ ಯಾರು ಬರುತ್ತಾರೆ ಎಂಬುದು ಪಕ್ಕದ ಮನೆಯವರಿಗೆ ಬಿಟ್ಟದ್ದು.

*

ತೂಕ ಇಳಿಸುವ ಇಂಜೆಕ್ಷನ್ನುಗಳು ನಮ್ಮ ದೇಶಕ್ಕೂ ಬಂದಿವೆ. 2025ರ ಮಾರ್ಚಿನಲ್ಲಿ ಮೌಂಜಾರೊ, ಜೂನಿನಲ್ಲಿ ವೆಗೋವಿ. ಅದೇ ವರ್ಷದ ಮೇ ತಿಂಗಳಲ್ಲಿ, ಆರು ಗೆಳತಿಯರಿಂದ ಹುಟ್ಟಿದ ವೇಟ್ ವಾಚರ್ಸ್ ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕಿತು. ಔಷಧಿ ಕೆಲಸ ಮಾಡುತ್ತದೆ, ಬೇಕಾದವರು ಡಾಕ್ಟರನ್ನು ಕೇಳಿ ತೆಗೆದುಕೊಳ್ಳಲಿ, ನನ್ನ ತಕರಾರಿಲ್ಲ. ಆದರೆ ಸೂಜಿ ಗೇಟಿನ ಹತ್ತಿರ ನಿಂತು ಕೂಗುವುದಿಲ್ಲ.

*

ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವು, ನಿದ್ದೆಯಲ್ಲಿ ಉಸಿರು ಕಟ್ಟುವುದು ಇವೆಲ್ಲ ನಿಜ. ನಮ್ಮಂಥ ಏಷ್ಯಾದವರಿಗೆ ಬಿಎಂಐ 23 ದಾಟಿದರೇ ಅಪಾಯ ಹೆಚ್ಚುತ್ತದೆ ಎಂದು ತಜ್ಞರು 2004ರಲ್ಲೇ ಹೇಳಿದ್ದಾರೆ. ಇದನ್ನು ಮುಚ್ಚಿಡುವ ಗೆಳೆಯರು ಗೆಳೆಯರಲ್ಲ. ಇದನ್ನೊಂದೇ ಹೇಳುವವರೂ ಅಲ್ಲ.

*

'ನಿನ್ನ ಒಳ್ಳೇದಕ್ಕೇ ಹೇಳೋದು' ಎಂದು ಶುರುವಾದ ಮಾತಿನಲ್ಲಿ ನನಗೆ ಗೊತ್ತಿಲ್ಲದ ಒಂದೂ ವಿಷಯ ಈವರೆಗೆ ಬಂದಿಲ್ಲ.

*

ಹೊರಗೆ ಹೊರಟರೆ ನಮಗೆ ಮೈಯೆಲ್ಲ ಕಣ್ಣು: ಬಾಗಿಲು ಹಿಡಿಸೀತೇ, ಕುರ್ಚಿ ತಡೆದೀತೇ, ಯಾರು ನೋಡುತ್ತಿದ್ದಾರೆ, ತಟ್ಟೆಯಲ್ಲಿ ಎಷ್ಟಿದೆ. ಈ ಕಾವಲಿಗೇ ಅರ್ಧ ಆಯಾಸ. ಕಲ್ಲುಬೆಂಚಿನ ಮೇಲೆ ಕೂತು, ಯಾರದೋ ಸೊಸೆಯ ಮಾತಿಗೆ ಹೊಟ್ಟೆ ಹುಣ್ಣಾಗುವಂತೆ ನಗುವಾಗ ಆ ಕಾವಲು ಕೆಳಗಿಳಿಯುತ್ತದೆ. ಮೈಮರೆಯುವುದು ಎಂದು ನಮ್ಮ ಭಾಷೆ ಅದಕ್ಕೆ ಹೆಸರಿಟ್ಟಿದೆ. ಮೈ ಇಳಿಸಲು ಸೇರಿದ ನಾವು ಈ ಮೂರು ವರ್ಷಗಳಲ್ಲಿ ಒಟ್ಟು ಎಷ್ಟು ಇಳಿಸಿದೆವೋ ಲೆಕ್ಕ ಇಟ್ಟಿಲ್ಲ. ಮೈಮರೆತ ಬೆಳಗುಗಳ ಲೆಕ್ಕ ಸುಮಾರಾಗಿ ಇದೆ.

*

ನಿಮ್ಮ ಬೀದಿಯಲ್ಲಿ ಇಂಥದ್ದೊಂದು ಗುಂಪು ಶುರು ಮಾಡುವುದಾದರೆ ತೂಕದ ಯಂತ್ರವನ್ನು ಒಳಗಿನ ಕೋಣೆಯಲ್ಲಿಡಿ. ಬೇಕಾದವರು ಹೋಗಿ ನಿಂತು ಬರಲಿ. ಶಾಮಿಯಾನದವರಿಗೆ ಫೋನ್ ಮಾಡಿ ಕೈಯಿಲ್ಲದ ಕುರ್ಚಿಯನ್ನೇ ಕೇಳಿ. ಅವರ ಹತ್ತಿರ ಇರುತ್ತದೆ. ಯಾರೂ ಕೇಳುವುದಿಲ್ಲವೆಂದು ಗೋಡೌನಿನ ಹಿಂದೆ ಪೇರಿಸಿಟ್ಟಿರುತ್ತಾರೆ.